ವಿದ್ಯುತ್ ಬಸ್ಸುಗಳ ಮಾರ್ಗನಿರ್ಣಯವೂ ನಮ್ಮ ಪ್ರಸ್ತಾರಶಾಸ್ತ್ರವೂ

ಬಸ್ಸು ಯಾವ ಊರಿನಿಂದ ಯಾವ ಊರಿಗೆ ಯಾವ ಕ್ರಮದಲ್ಲಿ ಹೋಗಬೇಕು, ನಡುವೆ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬ ವಿಚಾರವು ಸಾಹಿತ್ಯಾಭ್ಯಾಸಿಗಳ ಪತ್ರಿಕೆಯಲ್ಲಿ ಎತ್ತತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಗಣಿತಜ್ಞರು ಸುಮಾರು ಎಪ್ಪತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಈ ವಿಚಾರದಲ್ಲಿ ಬಳಕೆಯಾಗುವ ಎಣಿಕೆಗಳು ಎರಡೇ: ವಸ್ತುಗಳನ್ನು ಅದಲುಬದಲಾಗಿ ಸಾಲುಗೂಡಿಸುವ ಎಣಿಕೆಯೊಂದು, ಪ್ರತಿಯೊಂದು ಸ್ಥಾನದಲ್ಲಿಯೂ ಇದೋ ಅದೋ ಎಂದು ಎರಡರಲ್ಲೊಂದನ್ನು ಆರಿಸುವ ಎಣಿಕೆಯೊಂದು. ಮೊದಲನೆಯದನ್ನು ಲೀಲಾವತಿಯ ಅಂಕಪಾಶಪ್ರಕರಣದಲ್ಲಿಯೂ ಎರಡನೆಯದನ್ನು ಪಿಂಗಲನ ಪ್ರಸ್ತಾರದಲ್ಲಿಯೂ ಓದಿದವರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಆದಕಾರಣ ವಿದ್ಯುತ್ತಿನಿಂದ ನಡೆಯುವ ಬಸ್ಸುಗಳ ಮಾರ್ಗಯೋಜನೆಯ ಮರ್ಮವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳನ್ನು ಉದಾಹರಣೆಯಾಗಿಟ್ಟುಕೊಂಡು ಆ ಶಾಸ್ತ್ರಗಳ ಮಾತಿನಲ್ಲಿಯೇ ವಿವರಿಸುವುದು ಈ ಲೇಖನದ ಉದ್ದೇಶ. ಆಧುನಿಕರ ಸಿದ್ಧಾಂತವೆಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಸಾಧಿಸುವ ಹಟವು ನಮಗಿಲ್ಲ. ಅಂಥ ಮಾತುಗಳಿಂದ ಗ್ರಂಥಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಉಪಕಾರವಿಲ್ಲ.

ಈ ವಿಚಾರವು ನಮ್ಮ ಸೀಮೆಗೆ ಹೊರಗಿನದಲ್ಲ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಕೇಂದ್ರ ಸರ್ಕಾರದ 'ಫೇಮ್' ಯೋಜನೆಯ ಎರಡನೆಯ ಹಂತದ ನೆರವಿನಿಂದ ಐವತ್ತು ವಿದ್ಯುತ್ ಬಸ್ಸುಗಳನ್ನು ಊರೂರುಗಳ ನಡುವೆ ಓಡಿಸಲು ಸಂಕಲ್ಪಿಸಿ, ೨೦೨೩ನೆಯ ಇಸವಿ ಜನವರಿ ತಿಂಗಳಿನಲ್ಲಿ ಬೆಂಗಳೂರು–ಮೈಸೂರು ದಾರಿಯಲ್ಲಿ 'ಇವಿ ಪವರ್ ಪ್ಲಸ್' ಎಂಬ ಹೆಸರಿನಿಂದ ಆರಂಭಿಸಿತು. ಆಗ ಪ್ರಕಟಿಸಿದ್ದ ಊರುಗಳಲ್ಲಿ ಮೈಸೂರು, ಮಡಿಕೇರಿ, ವಿರಾಜಪೇಟೆ, ಶಿವಮೊಗ್ಗ, ಚಿಕ್ಕಮಗಳೂರುಗಳೊಡನೆ ದಾವಣಗೆರೆಯೂ ಸೇರಿತ್ತು. ಬೆಂಗಳೂರಿನಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯು ಹಿರಿಯೂರು, ಚಿತ್ರದುರ್ಗಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. ಹೊಳಲ್ಕೆರೆ, ಹೊಸದುರ್ಗಗಳು ಆ ಹೆದ್ದಾರಿಗೆ ಪಶ್ಚಿಮದಲ್ಲಿ ಉಳಿದುಬಿಡುತ್ತವೆ. ೨೦೨೩ನೆಯ ಇಸವಿ ಜೂನ್ ೧೧ರಂದು ಆರಂಭವಾದ 'ಶಕ್ತಿ' ಯೋಜನೆಯ ಉಚಿತಪ್ರಯಾಣವು ಹವಾನಿಯಂತ್ರಿತವಾದ ಇಂಥ ಬಸ್ಸುಗಳಿಗೆ ಅನ್ವಯಿಸುವುದಿಲ್ಲವೆಂಬುದನ್ನು ನೆನೆದರೆ, ತಾಲ್ಲೂಕಿನಿಂದ ತಾಲ್ಲೂಕಿಗೆ ಓಡಾಡುವ ಹೆಣ್ಣುಮಕ್ಕಳಿಗೂ ವಿದ್ಯಾರ್ಥಿಗಳಿಗೂ ಈ ಹೊಸ ಗಾಡಿಯಿಂದ ಪ್ರಯೋಜನವಾಗಬೇಕಾದರೆ ಅದು ಹೆದ್ದಾರಿಯನ್ನು ಬಿಟ್ಟು ಒಳಗಿನ ದಾರಿಗೆ ಸಾಮಾನ್ಯ ಬಸ್ಸಾಗಿ ಬರಬೇಕೆಂಬುದು ತಾನೇ ತಿಳಿಯುತ್ತದೆ. ಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವು ಬಸ್ಸಿನ ಯಂತ್ರಕ್ಕಿಂತಲೂ ಹೆಚ್ಚಾಗಿ ಮಾರ್ಗದ ಲೆಕ್ಕದಲ್ಲಿದೆ.

ಮೊದಲು ಕ್ರಮದ ಲೆಕ್ಕವನ್ನು ನೋಡೋಣ. ೧೧೫೦ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಶಂಭುವಿನ ಹತ್ತು ಕೈಗಳಲ್ಲಿರುವ ಹತ್ತು ವಸ್ತುಗಳನ್ನು ಅದಲುಬದಲು ಮಾಡಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ, ಹರಿಯ ನಾಲ್ಕು ಕೈಗಳ ಶಂಖಚಕ್ರಗದಾಪದ್ಮಗಳನ್ನು ಹಾಗೆಯೇ ಮಾಡಿದರೆ ಎಷ್ಟಾಗುತ್ತವೆ ಎಂದು ಕೇಳಿದ್ದಾನೆ. ಒಂದರಿಂದ ಮೊದಲುಮಾಡಿ ಅಷ್ಟು ಸಂಖ್ಯೆಯವರೆಗೆ ಗುಣಿಸುತ್ತ ಹೋಗುವುದೇ ಉತ್ತರ: ಹರಿಗೆ ೨೪, ಶಂಭುವಿಗೆ ೩೬,೨೮,೮೦೦. ನಮ್ಮ ನಾಲ್ಕು ಊರುಗಳು ಹರಿಯ ನಾಲ್ಕು ಕೈಗಳಂತೆ ೨೪ ಕ್ರಮಗಳನ್ನು ಕೊಡುತ್ತವೆ. ಬಸ್ಸು ರಾತ್ರಿ ತಂಗುವ ಘಟಕವು ಚಿತ್ರದುರ್ಗದಲ್ಲಿದೆಯೆಂದೂ ಅಲ್ಲಿಂದಲೇ ಹೊರಟು ಅಲ್ಲಿಗೇ ಸೇರಬೇಕೆಂದೂ ಇಟ್ಟುಕೊಂಡರೆ ಮಿಕ್ಕ ಮೂರು ಊರುಗಳಿಗೆ ೬ ಕ್ರಮಗಳು. ಬಲದಿಂದ ಸುತ್ತಿದರೂ ಎಡದಿಂದ ಸುತ್ತಿದರೂ ದೂರವು ಒಂದೇ ಎಂಬ ಕಾರಣದಿಂದ ದೂರದ ಮಟ್ಟಿಗೆ ಉಳಿಯುವ ಸುತ್ತುಗಳು ೩. ಊರುಗಳು ನಾಲ್ಕಾದ್ದರಿಂದ ಇಷ್ಟಕ್ಕೆ ಮುಗಿಯಿತು. ಹತ್ತು ಹಳ್ಳಿಗಳಾದರೆ ಶಂಭುವಿನ ಲೆಕ್ಕವು ಬರುತ್ತದೆ, ಇಪ್ಪತ್ತಾದರೆ ಯಂತ್ರಕ್ಕೂ ಒಂದೊಂದನ್ನಾಗಿ ಪರೀಕ್ಷಿಸುವುದು ಸಾಧ್ಯವಾಗದು.

ಪ್ರತಿಯೊಂದು ಸ್ಥಾನವನ್ನೂ ಒಂದೇ ಸಲ ಮುಟ್ಟಿ ಎಲ್ಲವನ್ನೂ ಪೂರೈಸುವ ಕುತೂಹಲವು ನಮ್ಮ ಆಲಂಕಾರಿಕರಿಗೂ ಇತ್ತು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತುರಗಪದವೆಂಬ ಚಿತ್ರಬಂಧಕ್ಕೆ ಉದಾಹರಣೆ ಕೊಟ್ಟಿರುವನಷ್ಟೆ. ಚದುರಂಗದ ಕುದುರೆಯ ನಡೆಯಲ್ಲಿ ಅರ್ಧಹಾಸಿನ ೩೨ ಮನೆಗಳನ್ನೂ ಸುತ್ತಿಬಂದರೆ ಅಲ್ಲಿ ಬರೆದ ಅಕ್ಷರಗಳು ಮತ್ತೆ ಅದೇ ಶ್ಲೋಕವಾಗುತ್ತವೆ. ಆದರೆ ಕುದುರೆಗೆ ಒಂದು ನೆಗೆತಕ್ಕೂ ಇನ್ನೊಂದಕ್ಕೂ ವೆಚ್ಚದಲ್ಲಿ ಭೇದವಿಲ್ಲ, ಗಾಡಿಗೆ ಇದೆ. ವೆಚ್ಚವು ಕಡಿಮೆಯಾಗುವಂತೆ, ಒಂದಲ್ಲ ಹಲವು ಗಾಡಿಗಳಿಗೆ ಊರುಗಳನ್ನು ಹಂಚುವುದು ಹೇಗೆಂಬ ಪ್ರಶ್ನೆಯನ್ನು ೧೯೫೯ರಲ್ಲಿ ಡ್ಯಾಂಟ್‌ಜಿಗ್ ಮತ್ತು ರಾಮ್ಸರ್ ಎಂಬ ವಿದ್ವಾಂಸರು ಪೆಟ್ರೋಲು ಹಂಚುವ ಲಾರಿಗಳನ್ನು ಕುರಿತು ಎತ್ತಿದರು. ೧೯೬೪ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬವರು ಅದಕ್ಕೊಂದು ಸುಲಭೋಪಾಯವನ್ನು ಹೇಳಿದರು. ಅದು ಎಷ್ಟು ಸರಳವೆಂದರೆ ಶಾಲೆಯ ಹುಡುಗನೂ ಕಾಗದದ ಮೇಲೆ ಮಾಡಬಹುದು.

ನಮ್ಮ ಊರುಗಳಿಗೇ ಅದನ್ನು ಹಚ್ಚಿ ನೋಡೋಣ. ಚಿತ್ರದುರ್ಗದಿಂದ ಹಿರಿಯೂರಿಗೆ ೪೦ ಕಿಲೋಮೀಟರು, ಹೊಳಲ್ಕೆರೆಗೆ ೩೩, ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ೩೧, ಹೊಸದುರ್ಗದಿಂದ ಹಿರಿಯೂರಿಗೆ ೫೫ ಎಂದು ಸ್ಥೂಲವಾಗಿ ಇಟ್ಟುಕೊಳ್ಳೋಣ. ಹೊಸದುರ್ಗ, ಹಿರಿಯೂರುಗಳ ನಡುವೆ ಹಕ್ಕಿ ಹಾರುವ ದೂರವು ಸುಮಾರು ೪೦ ಕಿಲೋಮೀಟರೇ ಆದರೂ, ವೇದಾವತಿಗೆ ಅಡ್ಡಲಾಗಿ ಕಟ್ಟಿ ೧೯೦೭ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವೂ ಅದರ ಸುತ್ತಣ ಗುಡ್ಡಗಳೂ ನಡುವೆ ಇರುವುದರಿಂದ ರಸ್ತೆಯು ಬಳಸಿ ಹೋಗಬೇಕು. ಈಗ ಮೂರು ಊರುಗಳಿಗೂ ಚಿತ್ರದುರ್ಗದಿಂದ ಪ್ರತ್ಯೇಕವಾಗಿ ಹೋಗಿ ಹಿಂತಿರುಗಿದರೆ ಹಿರಿಯೂರಿಗೆ ೮೦, ಹೊಳಲ್ಕೆರೆಗೆ ೬೬, ಹೊಳಲ್ಕೆರೆಯ ಮೇಲೆಯೇ ಹಾದು ಹೊಸದುರ್ಗಕ್ಕೆ ೧೨೮, ಒಟ್ಟು ೨೭೪ ಕಿಲೋಮೀಟರು. ಎರಡು ಊರುಗಳನ್ನು ಒಂದೇ ಓಟದಲ್ಲಿ ಸೇರಿಸಿದರೆ ಉಳಿಯುವುದೆಷ್ಟು? ಕೇಂದ್ರದಿಂದ ಅವೆರಡಕ್ಕೂ ಇರುವ ದೂರಗಳನ್ನು ಕೂಡಿ, ಅವುಗಳ ನಡುವಣ ದೂರವನ್ನು ಕಳೆಯತಕ್ಕದ್ದು. ಹೊಳಲ್ಕೆರೆ–ಹೊಸದುರ್ಗ ಜೋಡಿಗೆ ೩೩ನ್ನೂ ೬೪ನ್ನೂ ಕೂಡಿ ೩೧ನ್ನು ಕಳೆದರೆ ಉಳಿತಾಯವು ೬೬. ಹೊಸದುರ್ಗ–ಹಿರಿಯೂರಿಗೆ ೪೯. ಹಿರಿಯೂರಿನಿಂದ ಹೊಳಲ್ಕೆರೆಗೆ ಚಿತ್ರದುರ್ಗದ ಮೇಲೆಯೇ ಹೋಗುವುದಾದರೆ ಆ ಜೋಡಿಗೆ ಉಳಿತಾಯವು ಸೊನ್ನೆ. ಹೆಚ್ಚು ಉಳಿಸುವ ಜೋಡಿಯನ್ನು ಮೊದಲು ಕಟ್ಟಿ, ಅನಂತರದ್ದನ್ನು ಅದಕ್ಕೆ ಸೇರಿಸಿದರೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಮತ್ತೆ ಚಿತ್ರದುರ್ಗ ಎಂಬ ಸುತ್ತು ತಾನಾಗಿಯೇ ಒದಗುತ್ತದೆ. ಅದರ ದೂರ ೧೫೯. ಮಿಕ್ಕ ಎರಡು ಸುತ್ತುಗಳು ೨೦೮ ಮತ್ತು ೨೨೫ ಕಿಲೋಮೀಟರುಗಳಾಗುತ್ತವೆ.

ಡೀಸೆಲ್ ಗಾಡಿಗಾದರೆ ಪ್ರಶ್ನೆಯು ಇಲ್ಲಿಗೆ ಮುಗಿದಂತೆಯೇ. ಯಾವ ಕಡೆಯಿಂದ ಸುತ್ತಿದರೂ ೧೫೯. ಎಣ್ಣೆ ಮುಗಿಯುತ್ತ ಬಂದರೆ ಯಾವ ಊರಿನಲ್ಲಾದರೂ ಐದು ನಿಮಿಷದಲ್ಲಿ ತುಂಬಿಸಿಕೊಳ್ಳಬಹುದು. ಅಂಥ ಮಾರ್ಗವು ಗತಪ್ರತ್ಯಾಗತದಂತೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ವಿದ್ಯುತ್ ಬಸ್ಸಿನ ಮಾರ್ಗವು ಹಾಗಲ್ಲ, ಅದು ವಿಲೋಮಕಾವ್ಯದಂತೆ. ಹದಿನಾರನೆಯ ಶತಮಾನದ ದೈವಜ್ಞ ಸೂರ್ಯಕವಿಯ ರಾಮಕೃಷ್ಣವಿಲೋಮಕಾವ್ಯವನ್ನು ನೇರವಾಗಿ ಓದಿದರೆ ರಾಮನ ಕಥೆ, ಹಿಂದುಮುಂದಾಗಿ ಓದಿದರೆ ಕೃಷ್ಣನ ಕಥೆ. (ಇದೇ ಸೂರ್ಯನು ೧೫೪೧ರಲ್ಲಿ ಗಣಿತಾಮೃತಕೂಪಿಕಾ ಎಂಬ ಹೆಸರಿನಿಂದ ಲೀಲಾವತಿಗೆ ವ್ಯಾಖ್ಯಾನವನ್ನು ಬರೆದವನು. ಕಾವ್ಯವನ್ನು ಮಾತ್ರ ಪಾಠಹೇಳುವವರು ಇದನ್ನು ಸಾಧಾರಣವಾಗಿ ಹೇಳುವುದಿಲ್ಲ.) ಅಕ್ಷರಗಳು ಅವೇ, ದಾರಿಯೂ ಅದೇ, ಆದರೆ ದಿಕ್ಕು ಬದಲಾದರೆ ಅರ್ಥವೇ ಬೇರೆ. ಹೀಗಾಗಿ ಮೂರೆಂದು ಎಣಿಸಿದ್ದ ಸುತ್ತುಗಳನ್ನು ಮರಳಿ ಆರೆಂದೇ ಎಣಿಸಬೇಕಾಗುತ್ತದೆ.

ಕಾರಣವೇನೆಂದರೆ ಈ ಬಸ್ಸಿಗೆ ಯತಿಯ ನಿಯಮವಿದೆ. ಪದ್ಯವನ್ನು ಓದುವವನು ಉಸಿರು ತೀರುವುದರೊಳಗಾಗಿ ನಿಲ್ಲಲು ಗೊತ್ತುಮಾಡಿದ ಸ್ಥಾನವೇ ಯತಿ. ಕನ್ನಡದ ಪ್ರಾಚೀನ ಕವಿಗಳು ಯತಿಯನ್ನು ದಾಟುವುದನ್ನು ದೋಷವೆಂದು ಗಣಿಸದೆ ಸ್ವಾತಂತ್ರ್ಯವನ್ನು ವಹಿಸಿದರು. ವಿದ್ಯುತ್ ಬಸ್ಸಿಗೆ ಆ ಸ್ವಾತಂತ್ರ್ಯವಿಲ್ಲ. ಒಮ್ಮೆ ತುಂಬಿದ ಬ್ಯಾಟರಿಯಿಂದ ೩೦೦ ಕಿಲೋಮೀಟರು ಓಡುವುದೆಂದು ಹೇಳಿದ ಗಾಡಿಯನ್ನು ತೆಗೆದುಕೊಂಡರೂ, ಐದರಲ್ಲೊಂದು ಪಾಲನ್ನು ಆಪತ್ತಿಗೆಂದು ಮುಟ್ಟದೆ ಉಳಿಸಿದರೆ ಲೆಕ್ಕಕ್ಕೆ ಬರುವುದು ೨೪೦. ಮರುಭರ್ತಿಗೆ ಐದು ನಿಮಿಷ ಸಾಲದು. ಕಿಲೋಮೀಟರಿಗೆ ೧.೨ ಯೂನಿಟ್ಟು ವಿದ್ಯುತ್ತು ಬೇಕಾಗುವುದೆಂದು ಹಿಡಿದರೆ ೮೦ ಕಿಲೋಮೀಟರಿಗೆ ೯೬ ಯೂನಿಟ್ಟು. ಗಂಟೆಗೆ ೧೨೦ ಯೂನಿಟ್ಟು ಕೊಡುವ ಯಂತ್ರದಲ್ಲಿ ಅದಕ್ಕೆ ೪೮ ನಿಮಿಷ. ಬ್ಯಾಟರಿಯು ಐದರಲ್ಲಿ ನಾಲ್ಕು ಪಾಲು ತುಂಬಿದ ಮೇಲೆ ವಿದ್ಯುತ್ತನ್ನು ಸ್ವೀಕರಿಸುವ ವೇಗವು ತಗ್ಗುತ್ತದೆಂಬುದನ್ನೂ ಜ್ಞಾಪಕದಲ್ಲಿಡಬೇಕು. ೨೦೧೪ರಲ್ಲಿ ಷ್ನೈಡರ್, ಸ್ಟೆಂಗರ್, ಗೋಕೆ ಎಂಬ ಮೂವರು ಈ ನಿಲುಗಡೆಗಳನ್ನೂ ವೇಳೆಯ ಕಟ್ಟಳೆಗಳನ್ನೂ ಸೇರಿಸಿ ವಿದ್ಯುದ್ವಾಹನಗಳ ಮಾರ್ಗಸಮಸ್ಯೆಯನ್ನು ರಚಿಸಿದ ಮೇಲೆ ಇದು ಬೇರೆಯ ಶಾಖೆಯಾಗಿಯೇ ಬೆಳೆಯಿತು.

ಇಲ್ಲಿ ಪ್ರಸ್ತಾರವು ಉಪಯೋಗಕ್ಕೆ ಬರುತ್ತದೆ. ಜನರನ್ನು ಇಳಿಸಿ ಹತ್ತಿಸಿಕೊಂಡು ಹೊರಟುಬಿಡುವ ನಿಲುಗಡೆಯನ್ನು ಲಘುವೆಂದೂ, ಚಾರ್ಜಿಗಾಗಿ ನಿಲ್ಲುವುದನ್ನು ಗುರುವೆಂದೂ ಕರೆಯೋಣ. ಒಂದು ಸುತ್ತಿನ ನಡುವೆ ಮೂರು ನಿಲುಗಡೆಗಳು. ಮೂರು ಸ್ಥಾನಗಳ ಪ್ರಸ್ತಾರವು ಎಂಟು. ನಾಗವರ್ಮನ ಛಂದೋಂಬುಧಿಯಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಮಗಣಾದಿ ಎಂಟು ಗಣಗಳೇ ಇವು. ಆರು ಕ್ರಮಗಳಿಗೆ ಎಂಟೆಂಟರಂತೆ ಒಂದು ಸುತ್ತಿಗೆ ೪೮ ಯೋಜನೆಗಳಾದವು. ಚಾರ್ಜಿನ ಯಂತ್ರವು ಹೆದ್ದಾರಿಯ ಮೇಲಿನ ಹಿರಿಯೂರಿನಲ್ಲಿ ಮಾತ್ರ ಇದೆಯೆಂದು ಭಾವಿಸಿದರೆ, ಹಿರಿಯೂರಿನ ಕಡೆಯಿಂದ ಹೊರಡುವ ಸುತ್ತು ಮೊದಲಲ್ಲಿ ಗುರುವುಳ್ಳ ಭಗಣ. ಹೊಳಲ್ಕೆರೆಯ ಕಡೆಯಿಂದ ಹೊರಡುವುದು ಕೊನೆಯಲ್ಲಿ ಗುರುವುಳ್ಳ ಸಗಣ. ಮೊದಲನೆಯದನ್ನು ಪೂರ್ವಕ್ರಮವೆಂದೂ ಎರಡನೆಯದನ್ನು ಪಶ್ಚಿಮಕ್ರಮವೆಂದೂ ಹೆಸರಿಸೋಣ.

ಒಂದೇ ಸುತ್ತಿಗೆ ೨೪೦ ಸಾಕಷ್ಟಾಗಿದೆ. ಮೂರೂ ಲಘುವಾದ ನಗಣದಲ್ಲಿಯೇ ಕೆಲಸವು ಮುಗಿಯುತ್ತದೆ. ಆದರೆ ಬೆಲೆಬಾಳುವ ಬಸ್ಸನ್ನು ದಿನಕ್ಕೆ ೧೫೯ ಕಿಲೋಮೀಟರು ಓಡಿಸಿ ನಿಲ್ಲಿಸಿದರೆ ನಿಗಮಕ್ಕೆ ಕಟ್ಟುವುದಿಲ್ಲ. ಎರಡು ಸುತ್ತು ಓಡಬೇಕು; ಅದು ೩೧೮ ಕಿಲೋಮೀಟರು. ೨೪೦ಕ್ಕಿಂತ ೭೮ ಹೆಚ್ಚಾದ್ದರಿಂದ ನಡುವೆ ೮೦ ಕಿಲೋಮೀಟರಿನಷ್ಟು ತುಂಬಿಸಿಕೊಳ್ಳತಕ್ಕ ಒಂದು ಗುರು ಬೇಕೇ ಬೇಕು. ಎರಡು ಸುತ್ತಿನಲ್ಲಿ ನಡುವಣ ಚಿತ್ರದುರ್ಗವೂ ಸೇರಿ ಏಳು ನಿಲುಗಡೆಗಳು, ಪ್ರಸ್ತಾರವು ೧೨೮. ಲಗಕ್ರಿಯೆಯಿಂದ ನೋಡಿದರೆ ಇವುಗಳಲ್ಲಿ ಒಂದೇ ಗುರುವುಳ್ಳವು ಏಳು ಮಾತ್ರ. ೧೨೮ನ್ನೂ ಬರೆಯುವವನಿಗೆ ಅಧ್ವಯೋಗದ ಪ್ರಕಾರ ೨೫೫ ಅಂಗುಲದ ಸ್ಥಳವು ಬೇಕು. 'ಅಧ್ವ' ಎಂದರೆ ದಾರಿಯೆಂದೇ ಅರ್ಥವಾದರೂ ಪಿಂಗಲನ ಸಂಪ್ರದಾಯದಲ್ಲಿ ಅದು ಬರೆಯುವ ಹಲಗೆಯ ದಾರಿಯೇ ಹೊರತು ಹೊಸದುರ್ಗದ ದಾರಿಯಲ್ಲ.

ಬೆಳಗ್ಗೆ ಆರು ಗಂಟೆಗೆ ಚಿತ್ರದುರ್ಗವನ್ನು ಬಿಟ್ಟು, ನಿಲುಗಡೆಗಳೂ ಸೇರಿ ಗಂಟೆಗೆ ೩೦ ಕಿಲೋಮೀಟರಿನಂತೆ ಹೋಗುವ ಬಸ್ಸನ್ನು ಪೂರ್ವಕ್ರಮದಲ್ಲಿ ಹಿಂಬಾಲಿಸೋಣ. ಅದು ೪೦ನೆಯ ಕಿಲೋಮೀಟರಿನಲ್ಲಿ ಹಿರಿಯೂರನ್ನು ಮುಟ್ಟುವಾಗ ಬ್ಯಾಟರಿಯು ಇನ್ನೂ ತುಂಬಿಕೊಂಡೇ ಇರುತ್ತದೆ. ಅಲ್ಲಿ ನಿಂತರೆ ಹಿಡಿಸುವುದು ೪೦ ಕಿಲೋಮೀಟರಿನಷ್ಟೇ; ಕೊನೆಗೆ ಸಾಲದೆ ಬರುತ್ತದೆ. ಎರಡನೆಯ ಸುತ್ತಿನಲ್ಲಿ ೧೯೯ನೆಯ ಕಿಲೋಮೀಟರಿಗೆ ಅದೇ ಹಿರಿಯೂರಿಗೆ ಬಂದಾಗ ವೇಳೆಯು ಮಧ್ಯಾಹ್ನ ಹನ್ನೆರಡು ಮುಕ್ಕಾಲರ ಒಳಗೆ. ಉಪಯೋಗಕ್ಕೆ ಉಳಿದಿರುವುದು ೪೧ ಕಿಲೋಮೀಟರಿನಷ್ಟು. ಬ್ಯಾಟರಿಯು ಬರಿದಾಗಿರುವುದರಿಂದ ವಿದ್ಯುತ್ತನ್ನು ವೇಗವಾಗಿ ಸ್ವೀಕರಿಸುತ್ತದೆ. ಜನರ ನೂಕುನುಗ್ಗಲಿನ ಹೊತ್ತಲ್ಲ. ಚಾಲಕನಿಗೂ ಊಟದ ಹೊತ್ತು. ನೆರೆಯ ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರವಿದ್ಯುತ್ ಕ್ಷೇತ್ರವಿರುವ ಈ ಸೀಮೆಯಲ್ಲಿ ಸೂರ್ಯನ ವಿದ್ಯುತ್ತು ಪುಷ್ಕಳವಾಗಿರುವುದೂ ಆ ಹೊತ್ತಿನಲ್ಲಿಯೇ. ಇಷ್ಟೆಲ್ಲ ಅನುಕೂಲಗಳು ಒಟ್ಟಿಗೆ ಕೂಡುವುದು ಅಪರೂಪ.

ಪಶ್ಚಿಮಕ್ರಮದ ಬಸ್ಸಿಗೆ ಈ ಭಾಗ್ಯವಿಲ್ಲ. ಅದು ಹಿರಿಯೂರಿಗೆ ಬರುವುದು ೧೧೯ನೆಯ ಮತ್ತು ೨೭೮ನೆಯ ಕಿಲೋಮೀಟರುಗಳಲ್ಲಿ. ಎರಡನೆಯ ಸಲ ಬರುವಷ್ಟರಲ್ಲಿ ೨೪೦ರ ಮೇರೆಯು ದಾಟಿಹೋಗಿರುತ್ತದೆ. ಆದುದರಿಂದ ಮೊದಲ ಸಲವೇ, ಬೆಳಗಿನ ಹತ್ತು ಗಂಟೆಗೆ ನಿಲ್ಲಬೇಕು. ಆ ಹೊತ್ತಿನಲ್ಲಿ ಕಾಲೇಜಿಗೂ ಕಚೇರಿಗೂ ಹೋಗುವವರು ಬಸ್ಸಿನಲ್ಲಿ ತುಂಬಿರುತ್ತಾರೆ. ಅಲ್ಲದೆ ಬ್ಯಾಟರಿಯು ಆಗಿನ್ನೂ ಅರೆಗಿಂತ ಮೇಲಿರುವುದರಿಂದ, ೮೦ ಕಿಲೋಮೀಟರಿನಷ್ಟನ್ನು ಸೇರಿಸಿದಾಗ ನೂರಕ್ಕೆ ೮೭ರವರೆಗೆ ಏರಿ, ಕೊನೆಯ ಪಾಲು ನಿಧಾನವಾಗುತ್ತದೆ. ೪೮ ನಿಮಿಷವೆಂದು ಎಣಿಸಿದ್ದು ಗಂಟೆಯ ಹತ್ತಿರಕ್ಕೆ ಹೋದೀತು. ಹೊಳಲ್ಕೆರೆಯಲ್ಲಿಯೋ ಹೊಸದುರ್ಗದಲ್ಲಿಯೋ ಹತ್ತಿ ಚಿತ್ರದುರ್ಗಕ್ಕೆ ಹೋಗಲು ಕುಳಿತವರು ಅಷ್ಟು ಹೊತ್ತು ಹಿರಿಯೂರಿನಲ್ಲಿ ಕಾಯುವರೇ? ಆಗ ಅನುಸೂಚಿಯನ್ನು ಸಿದ್ಧಪಡಿಸುವವರು ಸಹಜವಾಗಿಯೇ ಪಶ್ಚಿಮಕ್ರಮವನ್ನು ಕೈಬಿಟ್ಟು, ಒಂದೇ ದಿಕ್ಕಿಗೆ ಬಸ್ಸನ್ನು ಓಡಿಸುವರು. ಒಂದೇ ದಿಕ್ಕಿನ ಸುತ್ತಾದರೆ ಹೊಳಲ್ಕೆರೆಯವನು ೩೧ ಕಿಲೋಮೀಟರಿನ ಹೊಸದುರ್ಗಕ್ಕೆ ಹೋಗಲು ಚಿತ್ರದುರ್ಗ, ಹಿರಿಯೂರುಗಳನ್ನು ಬಳಸಿ ೧೨೮ ಕಿಲೋಮೀಟರು ಕೂರಬೇಕಾಗುತ್ತದೆ. ಯಾರೂ ಕೂರುವುದಿಲ್ಲ, ಬಸ್ಸು ಖಾಲಿಯಾಗಿ ಓಡುತ್ತದೆ, ಆ ದಾರಿಗೆ ವಿದ್ಯುತ್ ಬಸ್ಸು ಒಗ್ಗುವುದಿಲ್ಲವೆಂಬ ತೀರ್ಮಾನವು ಹೊರಡುತ್ತದೆ.

ಈಗ ಇನ್ನೊಂದು ಯಂತ್ರವನ್ನು ಹೊಸದುರ್ಗದಲ್ಲಿ ಇಡೋಣ. ಪಶ್ಚಿಮಕ್ರಮದ ಬಸ್ಸು ಅಲ್ಲಿಗೆ ಬರುವುದು ೬೪ನೆಯ ಮತ್ತು ೨೨೩ನೆಯ ಕಿಲೋಮೀಟರುಗಳಲ್ಲಿ. ಮೊದಲನೆಯದು ಬೇಗನಾಯಿತು, ೮೦ರಷ್ಟು ಹಿಡಿಸುವುದಿಲ್ಲ. ಎರಡನೆಯದು ೨೪೦ರ ಒಳಗಿದೆ. ೧೭ ಕಿಲೋಮೀಟರಿನಷ್ಟು ಉಳಿದಿದೆ. ವೇಳೆಯು ಮಧ್ಯಾಹ್ನ ಒಂದೂವರೆಯ ಹತ್ತಿರ. ಅಲ್ಲಿ ೮೦ರಷ್ಟನ್ನು ತುಂಬಿಸಿಕೊಂಡರೆ ಮಿಕ್ಕ ೯೫ ಕಿಲೋಮೀಟರಿಗೆ ೯೭ರಷ್ಟು ಸಿಕ್ಕಿತು. ಹೀಗೆ ಪೂರ್ವಕ್ರಮದ ಬಸ್ಸಿಗೆ ಹಿರಿಯೂರಿನಲ್ಲಿಯೂ ಪಶ್ಚಿಮಕ್ರಮದ ಬಸ್ಸಿಗೆ ಹೊಸದುರ್ಗದಲ್ಲಿಯೂ ಯತಿಯು ಮಧ್ಯಾಹ್ನದಲ್ಲಿಯೇ ಬೀಳುತ್ತದೆ, ಎರಡು ದಿಕ್ಕಿಗೂ ಬಸ್ಸುಗಳು ಓಡುತ್ತವೆ. ಹೊಸ ಬಸ್ಸನ್ನು ಕೊಳ್ಳುವುದಕ್ಕಿಂತ ಒಂದು ಯಂತ್ರವನ್ನು ತಕ್ಕ ಸ್ಥಳದಲ್ಲಿ ನೆಡುವುದರಿಂದ ಹೆಚ್ಚು ಪ್ರಯೋಜನವುಂಟೆಂಬುದಕ್ಕೆ ಇದಕ್ಕಿಂತ ಬೇರೆಯ ಪ್ರಮಾಣವು ಬೇಡ. ಹೊಸದುರ್ಗವು ಹೆದ್ದಾರಿಯ ಮೇಲಿಲ್ಲವೆಂಬುದು ಯಂತ್ರವನ್ನು ಅಲ್ಲಿ ಇಡದಿರಲು ಸಾಕಾದ ಕಾರಣವಲ್ಲ. ಈ ಸುತ್ತಿನ ಛಂದಸ್ಸಿಗೆ ಗುರುವು ಅಲ್ಲಿಯೇ ಬೇಕಾಗಿದೆ.

ಏರಿಳಿತದ ಪ್ರಶ್ನೆಯೊಂದು ಉಳಿದಿದೆ. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು ೭೩೦ ಮೀಟರು ಎತ್ತರದಲ್ಲಿದೆ; ವೇದಾವತಿಯ ತಗ್ಗಿನಲ್ಲಿರುವ ಹಿರಿಯೂರು ಅದಕ್ಕಿಂತ ನೂರು ಮೀಟರಿನಷ್ಟು ಕೆಳಗೆ. ೧೮ ಟನ್ನು ತೂಕದ ಬಸ್ಸನ್ನು ನೂರು ಮೀಟರು ಎತ್ತಲು ಸುಮಾರು ೫ ಯೂನಿಟ್ಟು ಬೇಕು, ಎಂದರೆ ಸಮನೆಲದಲ್ಲಿ ನಾಲ್ಕು ಕಿಲೋಮೀಟರು ಓಡುವಷ್ಟು. ಇಳಿಯುವಾಗ ಇದರಲ್ಲಿ ಒಂದು ಪಾಲು ಬ್ಯಾಟರಿಗೆ ಹಿಂದಿರುಗುತ್ತದೆ. ಆದರೆ ಬ್ಯಾಟರಿಯು ಪೂರ್ತಿ ತುಂಬಿದ್ದರೆ ಹಿಂದಿರುಗಿದ್ದಕ್ಕೆ ಸ್ಥಳವಿರುವುದಿಲ್ಲ, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಸುತ್ತು ಹೊರಟಲ್ಲಿಗೇ ಬಂದು ಸೇರುವುದರಿಂದ ಏರಿದ್ದೂ ಇಳಿದದ್ದೂ ಬಹುಮಟ್ಟಿಗೆ ಸರಿಹೋಗುತ್ತವೆ. ಹೀಗಾಗಿ ಬಯಲುಸೀಮೆಯ ಈ ಊರುಗಳಿಗೆ ಇದನ್ನು ಮುಖ್ಯವಾಗಿ ಎಣಿಸಬೇಕಾದ್ದಿಲ್ಲ. ಮಡಿಕೇರಿಯ ದಾರಿಗಾದರೆ ಮಾತು ಬೇರೆ. ಇಲ್ಲಿ ಪೂರ್ವಕ್ರಮದ ಬಸ್ಸು ಎರಡನೆಯ ಸುತ್ತಿನ ಕೊನೆಯಲ್ಲಿ ಒಂದೆರಡು ಕಿಲೋಮೀಟರಿನಷ್ಟನ್ನೇ ಉಳಿಸಿಕೊಂಡು ಬರುವುದರಿಂದ, ಎದುರುಗಾಳಿಯ ದಿನಗಳಿಗೆ ಐದಾರು ನಿಮಿಷ ಹೆಚ್ಚಾಗಿ ಚಾರ್ಜು ಮಾಡಿಸುವುದು ಕ್ಷೇಮ.

ಜಿಲ್ಲೆಯ ಮಿಕ್ಕೆರಡು ತಾಲ್ಲೂಕುಗಳಾದ ಚಳ್ಳಕೆರೆ, ಮೊಳಕಾಲ್ಮೂರುಗಳನ್ನೂ ಸೇರಿಸಿದರೆ ಚಿತ್ರದುರ್ಗವನ್ನು ಬಿಟ್ಟು ಐದು ಊರುಗಳು, ೧೨೦ ಕ್ರಮಗಳು. ಒಂದೊಂದಕ್ಕೂ ೩೨ರಂತೆ ಒಂದು ಸುತ್ತಿಗೆ ೩,೮೪೦ ಯೋಜನೆಗಳು. ಆದರೆ ಆ ಎರಡೂ ಊರುಗಳು ಚಿತ್ರದುರ್ಗದಿಂದ ಈಶಾನ್ಯಕ್ಕೆ ಒಂದೇ ಕಡೆಯಲ್ಲಿರುವುದರಿಂದ, ಮೇಲೆ ಹೇಳಿದ ಉಳಿತಾಯದ ರೀತಿಯಿಂದ ನೋಡಿದರೆ ಅವುಗಳ ಜೋಡಿಯನ್ನು ಪ್ರತ್ಯೇಕವಾಗಿ ಕಟ್ಟಿ ಬೇರೆಯ ಬಸ್ಸಿಗೆ ಒಪ್ಪಿಸುವುದೇ ಯುಕ್ತವಾಗುತ್ತದೆ.